ಕಂಬಳಿ ಕಳಚಿದ ಲಗಮವ್ವ

ಹುನ್ನೂರಿನ ಕುರುಬರ ಓಣಿಯಲ್ಲಿ ಆಗ ಲಗಮವ್ವ ಎಂಬ ಹೆಸರಿನವರು ಮೂವರಿದ್ದರು. ಒಬ್ಬಳು ಕುಂಟ ಲಗಮವ್ವ, ಇನ್ನೊಬ್ಬಳು ಮೊಸರಿನ ಲಗಮವ್ವ. ಮೂರನೆಯವಳಿಗೆ ಐವತ್ತು ದಾಟುವವರೆಗೂ ಅಡ್ಡಹೆಸರೇ ಇರಲಿಲ್ಲ. ಕಂಬಳಿ ನೇಯುವ ಧರೆಪ್ಪನ ಹೆಂಡತಿ ಎಂದರೆ ಸಾಕಿತ್ತು. ಆಮೇಲೆ ಒಂದೇ ಚಳಿಗಾಲದಲ್ಲಿ ಆಕೆಗೆ ಹೆಸರು ಬಿತ್ತು: ಕಂಬಳಿ ಕಳಚಿದ ಲಗಮವ್ವ. ಇಟ್ಟವರು ಅದನ್ನು ಬೈಗುಳವೆಂದೇ ಇಟ್ಟಿದ್ದರು. ಆಕೆ ಅದನ್ನು ಮೂಗಿನ ನತ್ತಿನ ಹಾಗೆ ಎದುರಿಗೇ ಹಾಕಿಕೊಂಡು ತಿರುಗಿದಳು.

ಜಮಖಂಡಿಯ ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂದು ನಾಲ್ಕೈದು ವರ್ಷ ಆಗಿತ್ತು. ಅರಮನೆಗೆ ಯಾರು ಬಂದರು, ಯಾರು ಹೋದರು ಎಂಬುದರಿಂದ ಕುರಿಗಳಿಗೆ ಆದದ್ದೇನೂ ಇಲ್ಲ, ಧರೆಪ್ಪನ ಕುಣಿಮಗ್ಗಕ್ಕೂ ಆದದ್ದೇನೂ ಇಲ್ಲ. ಮಗ ಸಾಬಣ್ಣ ವರ್ಷದಲ್ಲಿ ಆರು ತಿಂಗಳು ಕುರಿಯ ಹಿಂದೆ ಹೊಳೆಸಾಲಿನಲ್ಲಿರುತ್ತಿದ್ದ. ಮನೆಯಲ್ಲಿ ಉಳಿಯುವವರು ಧರೆಪ್ಪ, ಲಗಮವ್ವ, ಸೊಸೆ ಪದ್ಮವ್ವ, ಮತ್ತು ಪದ್ಮವ್ವನ ಒಂದೂವರೆ ವರ್ಷದ ಕೂಸು ಮಾಯವ್ವ. ಆ ಮನೆಯಲ್ಲಿ ಮಾಯವ್ವನದೇ ಸರಕಾರ.

ಕುರುಬರ ದೇವರಾದ ಬೀರಪ್ಪನ ಒಕ್ಕಲಿನವರಿಗೆ ಕಂಬಳಿ ಬರೀ ಹೊದಿಕೆಯಲ್ಲ. ಹುಟ್ಟಿದ ಕೂಸನ್ನು ಮೊದಲು ಕಂಬಳಿಯ ಮೇಲೆ ಮಲಗಿಸುತ್ತಾರೆ, ಮದುವೆಯ ಅಕ್ಕಿಕಾಳು ಬೀಳುವುದು ಕಂಬಳಿಯ ಮೇಲೆ, ದೇವರು ಕೂಡುವ ಗದ್ದಿಗೆಯೂ ಕಂಬಳಿಯದೇ. ಮೊಮ್ಮಗಳು ಹುಟ್ಟಿದಾಗ ಧರೆಪ್ಪ ತನ್ನ ಜನ್ಮದಲ್ಲೇ ನೇಯದಂಥ ಕಂಬಳಿ ನೇಯ್ದಿದ್ದ. ಮರಿಗಳ ಮೊದಲ ಉಣ್ಣೆಯನ್ನು ಬೇರೆ ಇಟ್ಟು, ಒಂದೊಂದು ಕಸವನ್ನೂ ಕೈಯಿಂದಲೇ ಆರಿಸಿ, ಹುಣಸೆಬೀಜದ ಗಂಜಿ ಕೊಟ್ಟು, ಎರಡು ಮೊಳದ ಆ ಕರಿಕಂಬಳಿಯನ್ನು ತಿಂಗಳುಗಟ್ಟಲೆ ನೇಯ್ದ. ನೋಡಿದವರೆಲ್ಲ ಮುಟ್ಟಿ ನೋಡಿ ಭೇಷ್ ಎಂದರು. ಮಾಯವ್ವ ಅದರಲ್ಲೇ ಮಲಗಿದಳು, ಅದರಲ್ಲೇ ಎದ್ದಳು, ಅದನ್ನೇ ಹೊದ್ದು ಅಂಬೆಗಾಲಿಟ್ಟಳು.

ಎರಡನೆಯ ಚಳಿಗಾಲ ಬಂದಾಗ ಕೂಸಿನ ಮೈಮೇಲೆ ಒಣ ಕಲೆಗಳೆದ್ದವು. ಮೊದಲು ಗಲ್ಲದ ಮೇಲೆ, ಆಮೇಲೆ ಮೊಣಕಾಲಿನ ಹಿಂದೆ, ಮೊಣಕೈಯ ಮಡಿಕೆಯಲ್ಲಿ, ಕೊರಳ ಸುತ್ತ. ಮುಟ್ಟಿದರೆ ಒರಟು ಒರಟು. ಕೆರೆದರೆ ಬಿಳಿ ಹೊಟ್ಟು ಉದುರುತ್ತಿತ್ತು, ಇನ್ನೂ ಕೆರೆದರೆ ರಕ್ತ. ಕೂಸು ಉಂಡರೂ ಕೆರೆಯುತ್ತಿತ್ತು, ಆಡಿದರೂ ಕೆರೆಯುತ್ತಿತ್ತು. ನಕ್ಕು ಮನೆ ತುಂಬುತ್ತಿದ್ದವಳು ಕಿರಿಕಿರಿ ಮಾಡುತ್ತ ಯಾರ ಕಂಕುಳಲ್ಲೂ ನಿಲ್ಲದಂತಾದಳು.

‘ಹುರುಕು ಆಗೈತಿ’ ಎಂದಿತು ಓಣಿ. ಹುರುಕು ಎಂದರೆ ಒಬ್ಬರಿಂದ ಒಬ್ಬರಿಗೆ ಅಂಟುವ ಕಜ್ಜಿ. ಆ ಮಾತು ಬಾವಿಕಟ್ಟೆ ಮುಟ್ಟಿದ ದಿನದಿಂದ ಅಕ್ಕಪಕ್ಕದ ತಾಯಂದಿರು ಮಾಯವ್ವ ಹತ್ತಿರ ಬಂದರೆ ತಮ್ಮ ಮಕ್ಕಳನ್ನು ಎತ್ತಿಕೊಂಡು ಒಳಗೆ ಹೋಗತೊಡಗಿದರು. ಕೂಸು ಎರಡೂ ಕೈ ಚಾಚಿಕೊಂಡು ಅವರ ಹೊಸ್ತಿಲವರೆಗೆ ತಪ್ಪುಹೆಜ್ಜೆ ಹಾಕುತ್ತ ಹೋಗಿ, ಮುಚ್ಚಿದ ಬಾಗಿಲನ್ನು ಬಡಿದು ತಿರುಗಿ ಬರುತ್ತಿತ್ತು.

ಸುಮ್ಮನೆ ಕೂಡುವ ಹೆಂಗಸಲ್ಲ ಲಗಮವ್ವ. ಮಹಾಲಿಂಗಪುರದ ಸಂತೆಯಲ್ಲಿ ಮದ್ದು ಮಾರುವವನಿಂದ ಗಂಧಕದ ಮುಲಾಮು ತಂದು ಹಚ್ಚಿದಳು. ಕೂಸು ಉರಿ ತಾಳದೆ ಓಣಿ ಹಾರಿಹೋಗುವಂತೆ ಚೀರಿತು. ಆ ಡಬ್ಬಿಯನ್ನು ತಿಪ್ಪೆಗೆ ಎಸೆದಳು. ಹೊಲಸು ಕೂತಿರಬೇಕೆಂದು ದಿನಾ ಕುದಿಕುದಿ ನೀರೆರೆದು, ಕಡಲೆಹಿಟ್ಟು ಹಾಕಿ ತಿಕ್ಕಿದಳು. ಆ ಊರಿನಲ್ಲಿ ಕೂಸಿಗೆ ಎರೆಯುವುದರಲ್ಲಿ ಲಗಮವ್ವನ ಕೈ ಎಂದರೆ ಹೆಸರುವಾಸಿ. ಎಷ್ಟು ತಿಕ್ಕಿದಳೋ ಅಷ್ಟು ಹೆಚ್ಚಾಯಿತು. ಇತ್ತ ಧರೆಪ್ಪ, ಚಳಿಗೆ ಚರ್ಮ ಒಡೆಯುತ್ತಿದೆ ಎಂದುಕೊಂಡು, ತನ್ನ ಆ ಕಂಬಳಿಯನ್ನು ಕೂಸಿನ ಕೊರಳವರೆಗೂ ಬಿಗಿದು ಸುತ್ತುತ್ತಿದ್ದ. ಇಬ್ಬರದೂ ಪ್ರೀತಿಯೇ, ಇಬ್ಬರೂ ಕೂಸಿಗೆ ಮಾಡುತ್ತಿದ್ದದ್ದು ಕೇಡೇ.

ಗೊತ್ತಾದದ್ದು ಒಂದು ಗಡಿಗೆ ಮಜ್ಜಿಗೆಯಿಂದ. ಮಾಯವ್ವ ಗಡಿಗೆಯನ್ನು ಉರುಳಿಸಿಕೊಂಡು ಕಂಬಳಿಯನ್ನೆಲ್ಲ ತೋಯಿಸಿದಳು. ತೊಳೆದ ಕಂಬಳಿ ಮಂಜಿನ ದಿನಗಳಲ್ಲಿ ಬೇಗ ಒಣಗದು. ಮೂರು ದಿನ ಗೋಡೆಯ ಮೇಲೆ ಬಿದ್ದಿತ್ತು. ಅಲ್ಲಿಯವರೆಗೆ ಲಗಮವ್ವ ಕೂಸನ್ನು ತನ್ನದೊಂದು ಹಳೆಯ ರಬಕವಿ ಸೀರೆಯಲ್ಲಿ ಸುತ್ತಿದಳು, ತೊಳೆದೂ ತೊಳೆದೂ ಬೆಣ್ಣೆಯಾಗಿದ್ದ ನೂಲಿನ ಸೀರೆ. ಮೂರನೆಯ ದಿನ ನೋಡಿದರೆ ಕೊರಳ ಕೆಂಪು ಇಳಿದಿತ್ತು. ಕೂಸು ಒಂದು ಗಳಿಗೆ ಕೈಯನ್ನು ಕೆರೆಯದೆ ಸುಮ್ಮನೆ ಕಡ್ಡಿಯೊಂದನ್ನು ಹಿಡಿದು ಆಡುತ್ತಿತ್ತು. ನಾಲ್ಕನೆಯ ದಿನ ಧರೆಪ್ಪ ಒಣಗಿದ ಕಂಬಳಿಯನ್ನು ಝಾಡಿಸಿ ಮತ್ತೆ ಸುತ್ತಿದ. ಸಂಜೆಗೆ ಕೊರಳೆಲ್ಲ ಕೆಂಡದ ಬಣ್ಣ.

ಬೇರೆ ಯಾರಾದರೂ ಆಗಿದ್ದರೆ ಅಂದೇ ಬೊಬ್ಬೆ ಹಾಕುತ್ತಿದ್ದರು. ಲಗಮವ್ವ ಚಿಕ್ಕಂದಿನಿಂದ ಕುರಿಗಳಿಗೆ ಔಷಧ ಹಾಕಿದವಳು. ಒಂದು ಮೇವು ಕೆಟ್ಟದ್ದೆಂಬ ಸಂಶಯ ಬಂದರೆ ಅರ್ಧ ಹಿಂಡಿಗೆ ಅದನ್ನು ಹಾಕಿ, ಅರ್ಧ ಹಿಂಡಿಗೆ ಬಿಡಿಸಿ ನೋಡುವುದು ಅವಳಿಗೆ ಗೊತ್ತು. ಕೂಸನ್ನು ಹಾಗೆ ಎರಡು ಮಾಡಲು ಬರುವುದಿಲ್ಲವಲ್ಲ! ಯೋಚಿಸಿ, ಬಲಗಾಲಿಗೆ ಮಗ್ಗದಡಿ ಬಿದ್ದಿದ್ದ ಕಂಬಳಿಯ ತುಂಡು ಕಟ್ಟಿದಳು, ಎಡಗಾಲಿಗೆ ಸೀರೆಯ ತುಂಡು. ಪದ್ಮವ್ವನಿಗೆ ಅತ್ತೆಯ ತಲೆ ಕೆಟ್ಟಿತೆಂದೇ ಅನ್ನಿಸಿತು.

‘ಅತ್ತಿ, ಇದೇನ ಹೊಸಾ ಆಟಾ?’

‘ಆಟ ಅಲ್ಲ ಬೇ, ಸಾಕ್ಷಿ. ನಾಳೆ ನಿಮ್ಮ ಮಾವ ನನ್ನ ಸುಳ್ಳಿ ಅಂದ್ರ ಕೂಸಿನ ಕಾಲ ತೋರಸಬೇಕು.’

ಎರಡು ದಿನಕ್ಕೆ ಬಲಗಾಲು ಹಸಿಗಾಯ, ಎಡಗಾಲು ತಣ್ಣಗೆ. ಇದಕ್ಕಿಂತ ಸಾಕ್ಷಿ ಇನ್ನೇನು ಬೇಕು? ಆದರೂ ಲಗಮವ್ವ ಗಂಡನ ಮುಂದೆ ಬಾಯಿ ತೆರೆಯುವ ಮೊದಲು ಕೂಸನ್ನು ಕಂಕುಳಲ್ಲೆತ್ತಿಕೊಂಡು, ಸೊಸೆಯನ್ನು ಕರೆದುಕೊಂಡು ಜಮಖಂಡಿಗೆ ನಡೆದಳು. ಅಲ್ಲಿ ರತ್ನಾಬಾಯಿ ಎಂಬ ನರ್ಸಬಾಯಿ ಇದ್ದಳು. ಪದ್ಮವ್ವನ ಹೆರಿಗೆ ಕಷ್ಟವಾದಾಗ ಚಕ್ಕಡಿಯಲ್ಲಿ ಬಂದು ತಾಯಿ ಮಗು ಇಬ್ಬರನ್ನೂ ಉಳಿಸಿದವಳು. ರತ್ನಾಬಾಯಿ ಕೂಸನ್ನು ಬೆಳಕಿಗೆ ಹಿಡಿದು, ಬೆರಳ ಸಂದಿಗಳನ್ನೆಲ್ಲ ನೋಡಿ, ಎರಡೂ ಕಾಲು ನೋಡಿ, ಲಗಮವ್ವನ ಕಥೆ ಕೇಳಿ ನಕ್ಕಳು.

‘ಇದು ಹುರುಕು ಅಲ್ಲ. ಇಸಬು. ಯಾರಿಗೂ ಹತ್ತೂದಿಲ್ಲ. ಚರ್ಮ ಒಣಾ ಇದ್ದ ಕೂಸಿಗೆ ಕಂಬಳಿ ಉಣ್ಣಿ ಚುಚ್ಚತದ, ಅದನ್ನ ನೀವ ಕಂಡಹಿಡಿದೀರಿ. ಇನ್ನ ಎರಿಯೂದು ಹೆಂಗ, ಹೇಳ್ರಿ?’

ಲಗಮವ್ವ ಹೆಮ್ಮೆಯಿಂದ ಹೇಳಿದಳು. ರತ್ನಾಬಾಯಿಯ ನಗು ಅಲ್ಲಿಗೇ ನಿಂತಿತು.

‘ಕುದಿಯೂ ನೀರಾ? ಕಡ್ಲಿಹಿಟ್ಟಾ? ಯವ್ವಾ, ಅರ್ಧಾ ಇಸಬು ನಿಮ್ಮ ಕೈಯಾಗನ ಐತಿ.’

ಲಗಮವ್ವನಿಗೆ ಮುಖಕ್ಕೆ ಹೊಡೆದಂತಾಯಿತು. ಮೂವತ್ತು ವರ್ಷ ಊರಿನ ಕೂಸುಗಳಿಗೆ ಎರೆದ ಕೈ ಅದು. ಎದ್ದು ಹೋಗಿಬಿಡಬೇಕೆನ್ನಿಸಿತು. ಕೂಸಿನ ಬಲಗಾಲು ಕಣ್ಣಿಗೆ ಬಿದ್ದು ಕೂತಳು. ರತ್ನಾಬಾಯಿ ಬಿಡಿಸಿ ಹೇಳಿದಳು: ನೀರು ಉಗುರುಬೆಚ್ಚಗಿರಲಿ, ಬೇಗ ಎರೆದು ಮುಗಿಸಬೇಕು, ತಿಕ್ಕಬಾರದು. ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸಿ, ಮೈ ಇನ್ನೂ ಹಸಿ ಇರುವಾಗಲೇ ಕೊಬ್ಬರಿ ಎಣ್ಣೆ ಸವರಬೇಕು. ಒಣಗಿದ ಮೇಲೆ ಸವರಿದರೆ ಅಷ್ಟು ಹಿಡಿಯುವುದಿಲ್ಲ. ದಿನಕ್ಕೆ ಎರಡು ಸಲ, ಮೂರು ಸಲ ಸವರಿದರೂ ಛಲೋ. ಉಗುರು ಗಿಡ್ಡ ಇರಲಿ. ನೂಲಿನ ಬಟ್ಟೆ ಬಿಟ್ಟು ಬೇರೆ ಬೇಡ. ಕೀವು ಕಂಡರೆ, ಜ್ವರ ಬಂದರೆ ತಡಮಾಡದೆ ದವಾಖಾನೆಗೆ ಬರಬೇಕು.

‘ಹಿಂಗ ಮಾಡಿದ್ರ ಪೂರಾ ಹೋಗತೈತೇನ್ರಿ, ಬಾಯಾರ?’ ಎಂದು ಪದ್ಮವ್ವ ಮೆಲ್ಲಗೆ ಕೇಳಿದಳು.

‘ಸುಳ್ಳು ಹೇಳೂದಿಲ್ಲ. ಚಳಿಗೆ ಮತ್ತ ಬರತದ. ಬಂದಾಗ ಮತ್ತ ಹಿಂಗ ಮಾಡ್ರಿ. ದೊಡ್ಡಾಕಿ ಆದಂಗ ಭಾಳ ಮಕ್ಕಳಿಗೆ ಕಡಿಮಿ ಆಗತದ.’

ಊರಿಗೆ ಬಂದವಳೇ ಲಗಮವ್ವ ಬಾವಿಕಟ್ಟೆಯ ಮೇಲೆ ನಿಂತಳು. ಕೊಡ ಹಿಡಿದ ಹೆಂಗಸರೆಲ್ಲ ಕೇಳುವಂತೆ, ‘ನಮ್ಮ ಕೂಸಿಗಿ ಹುರುಕಲ್ಲ, ಇಸಬು! ಇಸಬು ಹತ್ತೂದಿಲ್ಲ! ಇನ್ನ ಯಾವಾಕಿ ಮಾಯವ್ವನ ನೋಡಿ ಬಾಗಲಾ ಹಾಕತಾಳೋ, ಆಕಿ ಬಾಗಲಾ ನಾನೂ ನೋಡಿಕೋತೇನಿ!’ ಎಂದು ಕೂಗಿ ಹೇಳಿ ಮನೆಗೆ ಬಂದಳು.

ಓಣಿಯನ್ನು ಬೈಯುವುದು ಸುಲಭವಿತ್ತು. ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತ ಗಂಡನಿಗೆ ಹೇಳುವುದು ಸುಲಭವಿರಲಿಲ್ಲ. ಎಲ್ಲ ಹೇಳಿದಳು. ಧರೆಪ್ಪನ ಲಾಳಿ ನಿಂತಿತು.

‘ಅಂದ್ರ, ನನ್ನ ಕಂಬಳಿ ನನ್ನ ಮೊಮ್ಮಗಳನ್ನ ಕಡದೈತಿ ಅಂತೀ?’

‘ನಿಮ್ಮ ಕಂಬಳಿ ಕೆಟ್ಟದ್ದಂತ ಯಾರಂದಾರ? ಊರಿಗೆಲ್ಲಾ ಛಲೋ ಐತಿ. ಈ ಕೂಸಿಗಿ ಆಗೂದಿಲ್ಲ. ಕಾಲ ನೋಡ್ರಿ ಬೇಕಾರ.’

‘ನಾ ಯಾವ ಕಾಲೂ ನೋಡೂದಿಲ್ಲ. ಬೀರಪ್ಪನ ಉಣ್ಣಿಗೆ ದೋಷಾ ಹಚ್ಚೂ ಬಾಯಿ ಈ ಮನ್ಯಾಗ ಯಾವಾಗ ಹುಟ್ಟಿತು?’

‘ಕೂಸು ಕೆರಕೊಂಡು ರಕ್ತಾ ಬಂದ ದಿನಾ ಹುಟ್ಟಿತು’ ಎಂದಳು ಲಗಮವ್ವ. ಆ ಕಂಬಳಿಯನ್ನು ಕೂಸಿನ ಮೈಯಿಂದ ಕಳಚಿ, ನೀಟಾಗಿ ಮಡಿಚಿ, ಮಗ್ಗದ ಪಕ್ಕದಲ್ಲಿಟ್ಟಳು. ಧರೆಪ್ಪ ಅಂದಿನಿಂದ ಅವಳ ಜೊತೆ ಮಾತು ಬಿಟ್ಟ. ನೀರು ಬೇಕಾದರೆ ಸೊಸೆಯನ್ನು ಕೇಳುತ್ತಿದ್ದ. ಅವನ ನೋವು ಲಗಮವ್ವನಿಗೆ ತಿಳಿಯದ್ದೇನಲ್ಲ. ಒಂದೊಂದು ಎಳೆಯನ್ನೂ ಮುದ್ದಿನಿಂದ ನೇಯ್ದವನಿಗೆ ಅದೇ ಮುಳ್ಳಾಯಿತೆಂದರೆ ಹೇಗಾಗಬೇಡ? ಪಾಪ ಎನ್ನಿಸುತ್ತಿತ್ತು. ಪಾಪ ಎನ್ನಿಸಿತೆಂದು ಕೂಸಿಗೆ ಕಂಬಳಿ ಸುತ್ತಲು ಅವಳು ತಯಾರಿರಲಿಲ್ಲ.

ತಿಂಗಳೊಪ್ಪತ್ತಿನಲ್ಲಿ ಮಾಯವ್ವನ ಗಲ್ಲ ಮೆತ್ತಗಾಯಿತು, ಮೊಣಕಾಲಿನ ಹಿಂದಿನ ಬಿರುಕು ಮುಚ್ಚಿತು. ಅಷ್ಟರಲ್ಲಿ ಜಾವಳ ಬಂತು, ಹುಟ್ಟುಗೂದಲು ತೆಗೆಯುವ ಶಾಸ್ತ್ರ. ಬೀರಪ್ಪನ ಗುಡಿಯಲ್ಲಿ ಕಂಬಳಿ ಹಾಸಿ, ಅದರ ಮೇಲೆ ಕೂಸನ್ನು ಬತ್ತಲೆ ಮೈಯಲ್ಲಿ ಕೂರಿಸಿ, ಇನ್ನೊಂದು ಕಂಬಳಿ ಹೊದಿಸಿ, ಪೂಜಾರಿ ಅರಿಸಿನದ ಭಂಡಾರ ಹಾರಿಸಿದ ಮೇಲೆ ಸೋದರಮಾವ ಮೊದಲ ಕತ್ತರಿ ಹಾಕಬೇಕು. ಪೂಜಾರಿ ಕಾಮಣ್ಣ ಮೊದಲೇ ಕಿವಿಗೆ ಬಿದ್ದದ್ದನ್ನೆಲ್ಲ ಕೂಡಿಸಿಟ್ಟುಕೊಂಡಿದ್ದ. ದೇವರ ಉಣ್ಣೆಯನ್ನು ಕಳಚಿದ ಮನೆಯವರು ದೇವರ ಮುಂದೆ ಹೇಗೆ ಬರುತ್ತಾರೆ, ನೋಡೋಣ ಎಂದು ನಾಲ್ಕು ಜನರ ಮುಂದೆ ಆಡಿಯೂ ಇದ್ದ.

ಲಗಮವ್ವ ಬಂದಳು. ಕೂಸು ಸೀರೆಯ ತುಂಡಿನಲ್ಲಿ ಅವಳ ಕಂಕುಳಲ್ಲಿತ್ತು. ಧರೆಪ್ಪ ಎರಡು ಹೆಜ್ಜೆ ಹಿಂದೆ, ಮಡಿಚಿದ ಆ ಕಂಬಳಿಯನ್ನು ಹೆಗಲ ಮೇಲೆ ಹಾಕಿಕೊಂಡು ಬಂದ. ಓಣಿಯೇ ಗುಡಿಯಲ್ಲಿತ್ತು. ಕುರಿ ಬಿಟ್ಟು ಬಂದಿದ್ದ ಸಾಬಣ್ಣ ಅಪ್ಪನ ಮುಖವನ್ನೊಮ್ಮೆ, ಅವ್ವನ ಮುಖವನ್ನೊಮ್ಮೆ ನೋಡುತ್ತ ಕಂಬದ ಹತ್ತಿರ ನಿಂತಿದ್ದ.

‘ಕೂಸನ್ನ ಕಂಬಳಿ ಮ್ಯಾಲೆ ಕುಂಡ್ರಸವ್ವಾ’ ಎಂದ ಕಾಮಣ್ಣ.

‘ಕೂಸು ಕಂಬಳಿ ಮುಟ್ಟೂದಿಲ್ಲಣ್ಣಾ.’

‘ಕಂಬಳಿ ಇಲ್ಲದ ಜಾವಳ ಎಲ್ಲಿ ಕಂಡೀ?’

‘ಎಲ್ಲೂ ಕಂಡಿಲ್ಲ. ಇವತ್ತ ಕಾಣತೇನಿ.’

ಗುಡಿಯಲ್ಲಿ ಗುಜುಗುಜು ಎದ್ದಿತು. ಕಾಮಣ್ಣನ ದನಿ ಏರಿತು. ‘ಹಿರಿಯರೆಲ್ಲಾ ಹುಚ್ಚರೇನು? ಬೀರಪ್ಪ ಉಣ್ಣಿ ಹೊದ್ದಾಂವ. ಆಂವಗ ಆದದ್ದು ನಿನ್ನ ಮೊಮ್ಮಗಳಿಗೆ ಆಗೂದಿಲ್ಲೇನು?’

‘ಬೀರಪ್ಪ ಕುರಿ ಕಾದಾಂವ’ ಎಂದಳು ಲಗಮವ್ವ. ‘ಸಾವಿರ ಕುರಿಯಾಗ ಯಾವುದಕ್ಕ ಏನ ಆಗಿಬರತೈತಿ, ಯಾವುದಕ್ಕ ಏನ ಆಗೂದಿಲ್ಲ ಅಂತ ಆಂವಗ ತಿಳಿತೈತಿ. ತಿಳೀಲಾರದ್ದು ನಿಮಗ.’

ಯಾರೋ ಕಿಸಕ್ಕೆಂದು ನಕ್ಕು ಬಾಯಿ ಮುಚ್ಚಿಕೊಂಡರು. ಕಾಮಣ್ಣನ ಮುಖ ಕೆಂಪಾಯಿತು.

‘ದೇವರು ಮುನಿದ್ರ?’

‘ಮುನೀಲಿ. ನನ್ನ ಮ್ಯಾಲೆ ಮುನೀಲಿ.’

ಹಾಗೆಂದವಳು ಹಾಸಿದ ಕಂಬಳಿಯ ನಡುವೆ ತಾನೇ ಹೋಗಿ ಚಕ್ಕಳಮಕ್ಕಳ ಹಾಕಿ ಕೂತಳು. ಗಂಡನ ಕಡೆಗೆ ಕೈ ಚಾಚಿದಳು. ಧರೆಪ್ಪ ಹೆಗಲ ಮೇಲಿನ ಕಂಬಳಿ ಕೊಟ್ಟ. ಎರಡು ಮೊಳದ ಕೂಸಿನ ಕಂಬಳಿ ಅವಳ ತಲೆ, ಹೆಗಲು ಮುಚ್ಚುವಷ್ಟೇ ಇತ್ತು. ಅದನ್ನು ಹೊದ್ದು, ಮಾಯವ್ವನನ್ನು ನೂಲಿನ ಬಟ್ಟೆಯೊಂದಿಗೆ ತೊಡೆಯ ಮೇಲೆ ಕೂರಿಸಿಕೊಂಡಳು.

‘ಉಣ್ಣಿ ನನಗ, ಕೂದಲಾ ಕೂಸಿಂದು. ಹಾಕ್ರಿ ಭಂಡಾರಾ.’

ಕಾಮಣ್ಣ ಭಂಡಾರದ ತಟ್ಟೆ ಹಿಡಿದವನು ಹಿಡಿದೇ ನಿಂತ. ಕೈ ಎತ್ತಲಿಲ್ಲ. ಸೋದರಮಾವ ಕತ್ತರಿ ಹಿಡಿದು ಯಾರ ಮುಖ ನೋಡಬೇಕೋ ತಿಳಿಯದೆ ನೆಲ ನೋಡಿದ. ಈಗ ಎದ್ದು ಹೋದರೆ ಕೂಸು ಒಕ್ಕಲಿನಿಂದ ಹೊರಗೆ, ಸೋತು ಕಂಬಳಿಗೆ ಕೂರಿಸಿದರೆ ಮತ್ತೆ ಆ ಬಲಗಾಲು. ಲಗಮವ್ವ ಕೂತ ಜಾಗದಿಂದ ಒಂದು ಬೆರಳಿನಷ್ಟೂ ಅಲುಗಲಿಲ್ಲ. ಗುಡಿಯ ಸೆಕೆಗೆ ಕಂಬಳಿ ಅವಳ ಕೊರಳನ್ನೂ ಚುಚ್ಚುತ್ತಿತ್ತು. ಕೂಸು ಇಷ್ಟು ದಿನ ಹೇಗೆ ತಾಳಿತೋ ಎಂದುಕೊಂಡಳು.

ಆಗ ಧರೆಪ್ಪ ಮುಂದೆ ಬಂದ. ಮೊಣಕಾಲೂರಿ ಕೂತು, ಕೂಸಿನ ಬಟ್ಟೆ ಸರಿಸಿ ಮೊದಲು ಎಡಗಾಲು ನೋಡಿದ, ಆಮೇಲೆ ಬಲಗಾಲು. ಗಾಯ ಮಾಯ್ದಿತ್ತು, ಕಂಬಳಿಯ ತುಂಡು ಕಟ್ಟಿದ್ದ ಅಷ್ಟಗಲದ ಗುರುತು ಮಾತ್ರ ಇನ್ನೂ ತಿಳಿಗೆಂಪಗೆ ಉಳಿದಿತ್ತು. ನೇಕಾರನ ಒರಟು ಹೆಬ್ಬೆರಳಿನಿಂದ ಅದನ್ನು ಮುಟ್ಟಲು ಹೋಗಿ, ಮುಟ್ಟದೆ ಕೈ ಹಿಂದೆ ತೆಗೆದ. ಎದ್ದು ಕಾಮಣ್ಣನ ತಟ್ಟೆಗೆ ಕೈ ಹಾಕಿ, ಒಂದು ಮುಷ್ಟಿ ಭಂಡಾರ ತುಂಬಿಕೊಂಡು ಹೆಂಡತಿ ಮೊಮ್ಮಗಳ ಮೇಲೆ ಹಾರಿಸಿದ.

‘ಕತ್ತರಿ ಹಾಕಲೇ’ ಎಂದು ಬೀಗನ ಮಗನಿಗೆ ಹೇಳಿದ.

ಕತ್ತರಿ ಬಿತ್ತು. ಹುಟ್ಟುಗೂದಲು ಕಂಬಳಿಯ ಮೇಲೆ ಉದುರಿತು. ಬೀರಪ್ಪ ಏನೂ ಮುನಿಯಲಿಲ್ಲ. ಮುನಿದವನು ಕಾಮಣ್ಣ ಒಬ್ಬನೇ. ಕಂಬಳಿ ಕಳಚಿದ ಲಗಮವ್ವ ಎಂಬ ಹೆಸರು ಅಂದು ಸಂಜೆಯೇ ಊರೆಲ್ಲ ತಿರುಗಿತು. ಧರೆಪ್ಪ ಮರುದಿನದಿಂದ ಮಗ್ಗಕ್ಕಿಳಿದು ಎಂದಿನಂತೆ ನೇಯ್ದ, ಮಹಾಲಿಂಗಪುರದ ಸಂತೆಯಲ್ಲಿ ಅವನ ಕಂಬಳಿಗೆ ಗಿರಾಕಿ ಏನೂ ಕಡಿಮೆಯಾಗಲಿಲ್ಲ. ಕೂಸಿನ ಅಳತೆಯದನ್ನು ಮಾತ್ರ ಅವನು ಮತ್ತೆ ನೇಯಲಿಲ್ಲ, ಯಾರು ಕೇಳಿದರೂ ನೇಯಲಿಲ್ಲ.

ಮುಂದಿನ ಚಳಿಗಾಲದಲ್ಲಿ ರತ್ನಾಬಾಯಿ ಹೇಳಿದ್ದಂತೆ ಮಾಯವ್ವನ ಕಲೆಗಳು ಮತ್ತೆ ಇಣುಕಿದವು, ಎಣ್ಣೆ ಕಂಡು ಮತ್ತೆ ಅಡಗಿದವು. ಅದೇ ಚಳಿಗಾಲದಲ್ಲಿ ಲಗಮವ್ವನ ಹಿತ್ತಲ ಬಾಗಿಲು ಸದ್ದಾಗತೊಡಗಿತು. ಗುಡಿಯಲ್ಲಿ ಮೂಗು ಮುರಿದಿದ್ದ ಹೆಂಗಸರೇ ಒಬ್ಬೊಬ್ಬರಾಗಿ, ಸೆರಗಿನಡಿ ಕೂಸು ಮುಚ್ಚಿಕೊಂಡು, ಅಕ್ಕಪಕ್ಕ ನೋಡುತ್ತ ಬರುತ್ತಿದ್ದರು. ‘ಇದರ ಮೈಯೂ ಒಣಗೇತಿ, ಸ್ವಲ್ಪ ನೋಡ ಲಗಮಕ್ಕಾ’ ಎಂದು ಪಿಸುಗುಡುತ್ತಿದ್ದರು.

ಲಗಮವ್ವ ಸೊಂಟಕ್ಕೆ ಕೈಯಿಟ್ಟು ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದಳು: ‘ಹಿತ್ತಲಾಗ ನಾ ಕುರಿಗೆ ಅಷ್ಟ ಔಷಧಾ ಹಾಕತೇನಿ. ಮಕ್ಕಳನ್ನ ನೋಡಬೇಕಂದ್ರ ಓಣಿ ಸುತ್ತಿ ಮುಂದಿನ ಬಾಗಲಿಂದ ಬರ್ರಿ. ಬೆಳಕ ಇದ್ದಾಗ ಬರ್ರಿ. ಕೂಸಿನ ಮುಖಾ ಮುಚ್ಚಬ್ಯಾಡ್ರಿ. ಅದೇನ ಕಳವು ಮಾಡೇತೇನು?’

ಕೆಲವರು ಸಿಟ್ಟಾಗಿ ತಿರುಗಿ ಹೋದರು. ಹೋದವರು ಎರಡು ದಿನ ಬಿಟ್ಟು ಮುಂದಿನ ಬಾಗಿಲಿಗೆ ಬಂದರು. ಒಂದು ಮಧ್ಯಾಹ್ನ ಹಿತ್ತಲಲ್ಲಿ ಬಂದು ನಿಂತವಳು ಕಾಮಣ್ಣ ಪೂಜಾರಿಯ ಸೊಸೆ ಸಾತವ್ವ. ಕಂಬಳಿಯಲ್ಲಿ ಸುತ್ತಿದ ಅವಳ ಕೂಸು ಒಂದೇ ಸಮನೆ ಕೆರೆದುಕೊಳ್ಳುತ್ತಿತ್ತು. ಲಗಮವ್ವ ಅದನ್ನು ನೋಡಿದಳು. ಎತ್ತಿಕೊಳ್ಳಲು ಕೈ ಮುಂದಾಯಿತು. ಕೈಯನ್ನು ಹಿಂದೆಳೆದುಕೊಂಡು ಅದೇ ಮಾತು ಹೇಳಿದಳು.

‘ನಮ್ಮ ಮಾವ ನನ್ನ ಬಿಡೂದಿಲ್ಲ, ಲಗಮಕ್ಕಾ’ ಎಂದು ಸಾತವ್ವ ಅತ್ತಳು.

‘ಬಿಡದಿದ್ರ ಅವರನ್ನ ಕಳಸು.’

ಸಾತವ್ವ ಕಣ್ಣೊರೆಸಿಕೊಂಡು ಹೋದಳು. ಆ ದಿನವೆಲ್ಲ ಲಗಮವ್ವನಿಗೆ ಅನ್ನ ಸೇರಲಿಲ್ಲ. ಕೂಸಿನ ಮೇಲೆ ಹಟ ತೀರಿಸಿಕೊಂಡೆನೇನೋ ಎಂದು ತನ್ನನ್ನೇ ಬೈದುಕೊಂಡಳು. ಬೆಳಗಾದರೆ ತಾನೇ ಪೂಜಾರಿಯ ಮನೆಗೆ ಹೋಗುವುದೆಂದು ಎಣ್ಣೆಯ ಕುಡಿಕೆಯನ್ನೂ ತುಂಬಿಟ್ಟಳು.

ಅವಳು ಹೊರಡುವ ಮೊದಲೇ ಮುಂದಿನ ಬಾಗಿಲಲ್ಲಿ ಯಾರೋ ಕೆಮ್ಮಿದರು. ಬಿಸಿಲೇರಿತ್ತು, ಓಣಿಯ ಕಟ್ಟೆಗಳ ಮೇಲೆಲ್ಲ ಜನರಿದ್ದರು, ಎಲ್ಲರೂ ಇತ್ತಲೇ ನೋಡುತ್ತಿದ್ದರು. ಹೊಸ್ತಿಲಾಚೆ ಕಾಮಣ್ಣ ನಿಂತಿದ್ದ. ಪೂಜಾರಿಯಾದಾಗಿನಿಂದ ಊರು ಅವನನ್ನು ಬರಿದಲೆಯಲ್ಲಿ ಕಂಡಿರಲಿಲ್ಲ. ಈಗ ಅವನ ನರೆತ ತಲೆ ಬಿಸಿಲಿಗೆ ಬಯಲಾಗಿತ್ತು. ರುಮಾಲನ್ನು ಪೂರಾ ಬಿಚ್ಚಿ ಮೊಮ್ಮಗನಿಗೆ ಸುತ್ತಿದ್ದ. ಬೆಳ್ಳನೆಯ, ಮೆತ್ತನೆಯ ಬನಹಟ್ಟಿ ನೂಲಿನ ರುಮಾಲು.

‘ಒಳಗ ಬಾ ಅಣ್ಣಾ’ ಎಂದು ಲಗಮವ್ವ ಕೂಸಿಗೆ ಕೈ ಚಾಚಿದಳು. ಒಳಗೆ ತಿರುಗಿ ಸೊಸೆಗೆ, ‘ಪದ್ಮವ್ವಾ, ನೀರ ಕಾಸು. ಕುದಸಬ್ಯಾಡ’ ಎಂದಳು.